ಹುಬ್ಬಳ್ಳಿಯೋ, ಧಾರವಾಡವೋ?

ಸಹೋದರಿಯರೇ, ಮನೆ ಕೊಳ್ಳುವ ಮಾತು ಬಂದಾಗ ನಮ್ಮವರು ಧಾರವಾಡ ಅಂದರು, ನಾನು ಹುಬ್ಬಳ್ಳಿ ಅಂದೆ. ಅವರಿಗೆ ತಂಪು ಹವೆ, ಶಾಂತ ಓಣಿ ಬೇಕು. ನನಗೆ ದೊಡ್ಡಾಸ್ಪತ್ರೆ, ದೊಡ್ಡ ಪೇಟೆ. ಮಾತು ಬಿಡುವಷ್ಟು ಜಗಳ! ಕೊನೆಗೆ ಮೊಣಕಾಲು ನೋವಿನ ಅತ್ತೆಯವರೇ ಅಂದರು: "ಊರು ಯಾವುದಾದ್ರೇನವಾ, ನಾ ದಿನಾ ಗುಡಿಗೆ ನಡೆಯೋ ಹಾದಿ ಹೆಂಗೈತಿ ನೋಡು."

ನಿಜ. ನಡುವೆ ಇರೋದು ಸುಮಾರು 20 ಕಿಲೋಮೀಟರ್. 2018ರಿಂದ ಚಿಗರಿ ಬಸ್ಸೂ ಇದೆ. ಧಾರವಾಡದಲ್ಲೇ, ಏರು ಇಲ್ಲದ ಓಣಿಯಲ್ಲಿ, ಬಸ್ಸಿಗೆ ಹತ್ತಿರದ ಚಿಕ್ಕ ಮನೆ ಕೊಂಡೆವು.

ನೀವೂ ಮುಂಗಡ ಕೊಡುವ ಮೊದಲು ಪಕ್ಕದ ಮನೆಯಾಕೆಯನ್ನು ಕೇಳಿ: ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ? ಮಳೆಗಾಲದಲ್ಲಿ ಓಣಿ ಹೇಗಿರುತ್ತದೆ? ಋಣಭಾರ ಪತ್ರ ತೆಗೆಸಿ ನೋಡಿ. ಖರೀದಿಪತ್ರದಲ್ಲಿ ನಿಮ್ಮ ಹೆಸರೂ ಇರಲಿ, ಸಂಕೋಚ ಬೇಡ.