ನಡಿಗೆಯನ್ನೂ ಚೀಟಿಯಲ್ಲಿ ಬರೆಯಿರಿ: ಆಕ್ಷೇಪಗಳಿಗೊಂದು ಉತ್ತರ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಶುಗರ್, ಬಿಪಿ ರೋಗಿಗಳಿಗೆ ಮಾತ್ರೆ ಬರೆಯುವ ಹಾಗೆಯೇ ದೈಹಿಕ ಚಟುವಟಿಕೆಯನ್ನೂ ಬರೆದುಕೊಡಬೇಕು. ಯಾವ ಬಗೆಯದು, ಎಷ್ಟು ಹೊತ್ತು, ವಾರಕ್ಕೆ ಎಷ್ಟು ದಿನ ಎಂಬುದು ಚೀಟಿಯಲ್ಲಿರಬೇಕು, ಮುಂದಿನ ಸಲ ಬಂದಾಗ ಅದರ ಲೆಕ್ಕ ಕೇಳಬೇಕು. ಈ ಮಾತನ್ನು ಎತ್ತಿದಾಗಲೆಲ್ಲ ವಿರೋಧ ಬರುವುದು ಬಹುಪಾಲು ವೈದ್ಯರಿಂದಲೇ. ಉಳಿದದ್ದು ಜನಾರೋಗ್ಯಕ್ಕಾಗಿ ದುಡಿಯುವ ಗೆಳೆಯರಿಂದ. ಅವರ ಆಕ್ಷೇಪಗಳಲ್ಲಿ ಕೆಲವನ್ನು ಅರ್ಧ ಒಪ್ಪುತ್ತೇನೆ, ಒಂದನ್ನು ಮುಕ್ಕಾಲು. ಆದರೂ ಉತ್ತರ ಕೊಡಬೇಕಾಗಿದೆ.

ಎಲ್ಲರೂ ಮೊದಲು ಎತ್ತುವುದು ಸಮಯದ ಪ್ರಶ್ನೆ. ಬೆಳಗಿನ ಒಪಿಡಿಯಲ್ಲಿ ಬಾಗಿಲಾಚೆಗೂ ಸಾಲು ನಿಂತಿರುವಾಗ ವ್ಯಾಯಾಮದ ಪಾಠ ಹೇಳುವುದು ಯಾವಾಗ? ಪ್ರಶ್ನೆ ನ್ಯಾಯವಾದದ್ದೇ. ವೈದ್ಯರು ರೋಗಿಯೊಬ್ಬರಿಗೆ ಕೊಡುವ ಹೊತ್ತನ್ನು ಹಲವು ದೇಶಗಳಲ್ಲಿ ಹೋಲಿಸಿದ ಒಂದು ಅಧ್ಯಯನ 2017ರಲ್ಲಿ ಬಂತು. ಸ್ವೀಡನ್‌ನಲ್ಲಿ 22 ನಿಮಿಷಕ್ಕೂ ಹೆಚ್ಚು, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮಲ್ಲಿ ಸುಮಾರು ಎರಡು ನಿಮಿಷ. ಆ ಎರಡು ನಿಮಿಷದೊಳಗೆ ಪಾಠ ಹೇಳಿ ಎಂದು ನಾನೂ ಕೇಳುತ್ತಿಲ್ಲ. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಮೂವತ್ತು ದಾಟಿದವರ ಬಗ್ಗೆ ತುಂಬುವ ನಮೂನೆಯನ್ನೊಮ್ಮೆ ನೋಡಿ. ತಂಬಾಕು, ಕುಡಿತ, ಸೊಂಟದ ಸುತ್ತಳತೆಯ ಜೊತೆಗೆ, ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಇದೆಯೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಇಲ್ಲವೆಂದರೆ ಒಂದು ಅಂಕ. ಒಟ್ಟು ಅಂಕ ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕರೆಯುತ್ತಾರೆ. ಅಂದರೆ ಪ್ರಶ್ನೆ ಕೇಳುವ ಕೆಲಸ ಹೊಸ್ತಿಲಲ್ಲೇ ಮುಗಿದಿದೆ, ಸರ್ಕಾರದ ಖರ್ಚಿನಲ್ಲೇ. ಆ ಒಂದು ಅಂಕ ಮುಂದೆ ಎಲ್ಲಿಗೂ ಹೋಗುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯ ಬಳಿಗೆ ಅದೇ ರೋಗಿ ಮಾತ್ರೆಗೆಂದು ತಿಂಗಳು ತಿಂಗಳು ಬರುತ್ತಾರೆ. ವಿವರಿಸುವುದು, ಕೇಳುವುದು, ತಿದ್ದುವುದು ಅಲ್ಲಿ ಆಗಲಿ. ವೈದ್ಯರ ಪಾಲಿಗೆ ಉಳಿಯುವುದು ಒಂದು ಸಾಲು ಮತ್ತು ಒಂದು ಸಹಿ.

‘ಬರೆದುಕೊಟ್ಟರೂ ಯಾರು ಮಾಡುತ್ತಾರೆ?’ ಎಂಬುದು ಎರಡನೆಯದು. ಇದನ್ನು ಹೇಳುವವರು ಹೆಚ್ಚಾಗಿ ತಮ್ಮದೇ ಅನುಭವದಿಂದ ಹೇಳುತ್ತಾರೆ. ‘ಅಜ್ಜಿ, ಶುಗರ್ ಜಾಸ್ತಿ ಇದೆ, ವಾಕಿಂಗ್ ಮಾಡ್ಬೇಕು’ ಅನ್ನುತ್ತಾರೆ, ಅಜ್ಜಿ ‘ಆಯ್ತು ಸಾರ್’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸೋತದ್ದು ಈ ಬಾಯಿಮಾತು. ಬರೆದುಕೊಟ್ಟು ಬೆನ್ನು ಹತ್ತಿದಾಗ ಏನಾಯಿತು ಎಂಬುದಕ್ಕೆ ನ್ಯೂಜಿಲೆಂಡಿನ ‘ಗ್ರೀನ್ ಪ್ರಿಸ್ಕ್ರಿಪ್ಷನ್’ ನೋಡಬೇಕು. ಅಲ್ಲಿನ ವೈಕಾಟೊ ಪ್ರದೇಶದ 42 ಕ್ಲಿನಿಕ್‌ಗಳಲ್ಲಿ, 40ರಿಂದ 79 ವಯಸ್ಸಿನ 878 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ವೈದ್ಯರು ಅಥವಾ ನರ್ಸ್ ಚೀಟಿ ಬರೆದರು, ಕ್ರೀಡಾ ಸಂಸ್ಥೆಯವರು ಆಮೇಲೆ ಫೋನ್ ಮಾಡಿ ವಿಚಾರಿಸಿದರು. ವರ್ಷ ಕಳೆದ ಮೇಲೆ, ಚೀಟಿ ಸಿಗದವರಿಗಿಂತ ಸಿಕ್ಕವರ ಬಿಡುವಿನ ವ್ಯಾಯಾಮ ವಾರಕ್ಕೆ ಸುಮಾರು 34 ನಿಮಿಷ ಹೆಚ್ಚಿತ್ತು. ಚೀಟಿ ಪಡೆದ ಹತ್ತು ಮಂದಿಗೆ ಒಬ್ಬರಂತೆ, ಹೆಚ್ಚುವರಿಯಾಗಿ, ವಾರಕ್ಕೆ ಎರಡೂವರೆ ಗಂಟೆಯ ಗುರಿ ಮುಟ್ಟಿದರು. ಹತ್ತಕ್ಕೆ ಒಂದೇ ಎಂದು ಮೂಗು ಮುರಿಯುವವರಿಗೆ ಒಂದು ನೆನಪು: ದೀರ್ಘಕಾಲದ ಕಾಯಿಲೆಗಳಲ್ಲಿ ಮಾತ್ರೆಯನ್ನು ಹೇಳಿದ ಹಾಗೆ ನುಂಗುವವರು ಶ್ರೀಮಂತ ದೇಶಗಳಲ್ಲೇ ಸರಾಸರಿ ಅರ್ಧದಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ಹಾಗೆಂದು ಯಾರೂ ಮಾತ್ರೆ ಬರೆಯುವುದನ್ನು ಬಿಟ್ಟಿಲ್ಲ.

ವಿರೋಧಿಗಳು ಇಲ್ಲಿ ಬ್ರಿಟನ್ನಿನ ಉದಾಹರಣೆ ತರುತ್ತಾರೆ, ತರಲೇಬೇಕು. ಅಲ್ಲಿ ರೋಗಿಗಳನ್ನು ಜಿಮ್ ಮತ್ತು ವ್ಯಾಯಾಮ ಕೇಂದ್ರಗಳಿಗೆ ಕಳಿಸುವ ಯೋಜನೆಗಳ ಫಲ ದುರ್ಬಲ ಎಂದು 2011ರ ಪರಾಮರ್ಶೆಯೊಂದು ತೋರಿಸಿತು. ಚಟುವಟಿಕೆ ಕಡಿಮೆ ಎಂಬ ಒಂದೇ ಕಾರಣಕ್ಕೆ, ಬೇರೆ ಕಾಯಿಲೆಯಿಲ್ಲದವರಿಗೆ ಇದಕ್ಕೆ ಹಣ ಸುರಿಯಬೇಡಿ ಎಂದು ಅಲ್ಲಿನ ಮಾರ್ಗಸೂಚಿ ಸಂಸ್ಥೆ 2014ರಲ್ಲಿ ಹೇಳಿತು. ಸರಿಯಾಗಿಯೇ ಹೇಳಿತು. ಕಲಘಟಗಿಯ ರೈತನನ್ನು ಜಿಮ್ಮಿಗೆ ಕಳಿಸಬೇಕೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲ.

ವಿದೇಶದ ಪ್ರಯೋಗ ನಮ್ಮ ಮೈಗೆ ಒಗ್ಗುತ್ತದೆಯೇ ಎಂಬ ಅನುಮಾನಕ್ಕೆ ಚೆನ್ನೈಯಲ್ಲಿ ಉತ್ತರವಿದೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರ ಅಧ್ಯಯನ 2006ರಲ್ಲಿ ಬಂತು. ಸಕ್ಕರೆ ಕಾಯಿಲೆ ಇನ್ನೂ ಬಾರದ, ಆದರೆ ಬರುವ ಸೂಚನೆಯಿದ್ದ 531 ಮಂದಿಯನ್ನು ನಾಲ್ಕು ಗುಂಪು ಮಾಡಿ ಮೂರು ವರ್ಷ ಗಮನಿಸಿದರು. ವಿಶೇಷವಾಗಿ ಏನನ್ನೂ ಹೇಳಿಕೊಡದ ಗುಂಪಿನಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ ಮತ್ತು ನಡಿಗೆಯನ್ನು ಬದಲಿಸಿದ ಗುಂಪಿನಲ್ಲಿ ನೂರಕ್ಕೆ 39. ಮೆಟ್‌ಫಾರ್ಮಿನ್ ಮಾತ್ರೆಯ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಕೂಡಿಸಿದರೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಇದರಲ್ಲಿ ಊಟದ ಪಾಲೂ ಇದೆ, ನಡಿಗೆಯೊಂದಕ್ಕೇ ಪೂರ್ತಿ ಶ್ರೇಯ ಕೊಡುವುದು ಅಪ್ರಾಮಾಣಿಕತೆ. ಅಮೆರಿಕದ 2002ರ ಅಧ್ಯಯನದಲ್ಲಿ ಅಪಾಯ ಶೇ 58ರಷ್ಟು ತಗ್ಗಿತ್ತು, ಇಲ್ಲಿ ಶೇ 28ರಷ್ಟೇ ಎಂಬುದೂ ನಿಜ. ಆದರೆ ದೇಶದಲ್ಲಿ 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಅಂಚಿನಲ್ಲಿದ್ದಾರೆ ಎಂದು ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಲೆಕ್ಕ ಕೊಟ್ಟಿದೆ. ಆ 13 ಕೋಟಿಯ ಮುಂದೆ ಶೇ 28 ಸಣ್ಣ ಅಂಕಿಯಲ್ಲ.

ನನಗೆ ಹೆಚ್ಚು ಇಷ್ಟವಾದ ಆಕ್ಷೇಪ ಮೂರನೆಯದು: ‘ಹೊಲದಲ್ಲಿ ದುಡಿಯುವವನಿಗೆ ವ್ಯಾಯಾಮ ಬರೆಯುವುದು ಪೇಟೆಯವರ ಷೋಕಿ.’ ಕೇಳಲು ಚೆನ್ನಾಗಿದೆ. ಆದರೆ ಹಳ್ಳಿ ಅಷ್ಟರಲ್ಲಿ ಬದಲಾಗಿದೆ. ಬೋರ್‌ವೆಲ್ ಮೋಟರನ್ನು ಮನೆಯ ಜಗಲಿಯಲ್ಲಿ ಕೂತು ಮೊಬೈಲಿನಿಂದ ಚಾಲೂ ಮಾಡುತ್ತಾರೆ, ಹೊಲಕ್ಕೆ ಬೈಕು, ಉಳಲು ಟ್ರ್ಯಾಕ್ಟರು, ಕೊಯ್ಲಿಗೆ ಯಂತ್ರ. ಇಂಡಿಯಾಬ್‌ನ ಮೊದಲ ಹಂತದಲ್ಲಿ, ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢದ ಜನರನ್ನು ಕೇಳಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನಗರದಲ್ಲಿ ಶೇ 65, ಹಳ್ಳಿಯಲ್ಲೂ ಶೇ 50ರಷ್ಟು ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ. ದುಡಿಮೆ ಎಂದರೆ ಮೈ ಆಡುವುದು ಎಂಬ ಲೆಕ್ಕವೂ ತಪ್ಪು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಹೆಣ್ಣುಮಗಳ ದುಡಿಮೆಗಿಂತ ಕಷ್ಟದ್ದು ಬೇಕೆ? ಆದರೆ ಅವಳು ಕದಲುವುದೇ ಇಲ್ಲ. ಲಂಡನ್ನಿನ ಡಬ್ಬಲ್ ಡೆಕ್ಕರ್ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರುಗಳಿಗಿಂತ ಮೇಲೆ ಕೆಳಗೆ ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು ಜೆರ್ರಿ ಮಾರಿಸ್ ತೋರಿಸಿದ್ದು 1953ರಲ್ಲಿ. ಇಬ್ಬರದೂ ದುಡಿಮೆಯೇ, ಒಂದೇ ಬಸ್ಸು, ಒಂದೇ ಪಾಳಿ.

ಆಕ್ಷೇಪದಲ್ಲಿ ಸತ್ಯವಿರುವುದು ಬೇರೆಡೆ. ದಿನವಿಡೀ ಇಟ್ಟಿಗೆ ಹೊರುವ ಹೆಂಗಸಿಗೆ ‘ಸಂಜೆ ಅರ್ಧ ಗಂಟೆ ವಾಕಿಂಗ್’ ಎಂದು ಬರೆಯುವುದು ಕ್ರೌರ್ಯ. ಬಿಡುವಿಲ್ಲದ ಭಾರದ ಕೆಲಸದಿಂದ ಹೃದಯಕ್ಕೆ ಬಿಡುವಿನ ವ್ಯಾಯಾಮದಷ್ಟು ಲಾಭವಿಲ್ಲ ಎಂದು ಡೆನ್ಮಾರ್ಕಿನ ಸಂಶೋಧಕರು ಬಹುಕಾಲದಿಂದ ಹೇಳುತ್ತಿದ್ದಾರೆ. ಆಕೆಗೆ ಬೇಕಾದದ್ದು ವಿಶ್ರಾಂತಿ, ಬೆನ್ನಿಗೆ ಬಲ ಕೊಡುವ ಒಂದೆರಡು ಅಭ್ಯಾಸ. ಅದು ತಿಳಿಯಬೇಕಾದರೆ ‘ಏನು ಕೆಲಸ ಮಾಡ್ತೀಯಮ್ಮಾ’ ಎಂದು ಕೇಳಬೇಕು. ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸುವ ಈಗಿನ ರೂಢಿಯಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಇನ್ನು ಭಯ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ‘ವ್ಯಾಯಾಮ ಮಾಡಿಸಿ ಸಾಯಿಸಬೇಡಿ’ ಎನ್ನುವವರು ಹೆಚ್ಚುತ್ತಾರೆ. ಅಭ್ಯಾಸವಿಲ್ಲದವರು ಏಕಾಏಕಿ ಮೈಮುರಿಯುವ ಶ್ರಮಕ್ಕಿಳಿದರೆ ಆ ಹೊತ್ತಿಗೆ ಅಪಾಯ ಏರುವುದು ನಿಜ, ನಿಯಮಿತವಾಗಿ ಮಾಡುವವರಲ್ಲಿ ಆ ಏರಿಕೆ ತೀರಾ ಕಡಿಮೆ ಎಂಬುದೂ ನಿಜ. ನಡೆದಾಗ ಎದೆ ಹಿಡಿದುಕೊಳ್ಳುವವರು, ಬಿಪಿ 180/110 ದಾಟಿದವರು, ಪಾದ ಜೋಮು ಹಿಡಿದು ಗಾಯವಾದದ್ದೂ ತಿಳಿಯದವರು ಮೊದಲು ಪರೀಕ್ಷೆಗೆ ಹೋಗಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ದೂರ ನಡೆದರೆ ಶುಗರ್ ಇಳಿದು ತಲೆ ತಿರುಗಿ ಬೀಳಬಹುದು, ಕಿಸೆಯಲ್ಲಿ ಸಕ್ಕರೆಯೋ ಬಿಸ್ಕತ್ತೋ ಇರಬೇಕು. ಇಷ್ಟೆಲ್ಲ ನೋಡಬೇಕಲ್ಲ ಎನ್ನುತ್ತಾರೆ. ನೋಡಬೇಕು, ಅದಕ್ಕೇ ಬರೆದುಕೊಡಬೇಕು ಎನ್ನುವುದು. ಈಗ ಅದೇ ರೋಗಿಗೆ ಏನನ್ನೂ ನೋಡದೆ ‘ವಾಕ್ ಮಾಡಿ’ ಎನ್ನುತ್ತಿದ್ದಾರೆ, ಅದಕ್ಕೆ ಯಾರೂ ಹೆದರುತ್ತಿಲ್ಲ! ಮಂಡಿನೋವಿನ ನೆಪವಂತೂ ತಲೆಕೆಳಗು: ಮಂಡಿ ಸವೆತಕ್ಕೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವೇ ಮೊದಲ ಸಾಲಿನ ಚಿಕಿತ್ಸೆ.

ವೈದ್ಯರೇ ಹೊಟ್ಟೆ ಬಿಟ್ಟುಕೊಂಡಿರುವಾಗ ರೋಗಿ ಕೇಳುತ್ತಾನೆಯೇ ಎಂಬ ಲೇವಡಿಗೆ ಉತ್ತರ ಕೊಡುವುದಿಲ್ಲ. ಬಿಪಿ ಇರುವ ವೈದ್ಯರೂ ಬಿಪಿ ಮಾತ್ರೆ ಬರೆಯುತ್ತಾರೆ.

ಮುಕ್ಕಾಲು ಒಪ್ಪುತ್ತೇನೆ ಎಂದದ್ದು ಕೊನೆಯ ಆಕ್ಷೇಪವನ್ನು. ಫುಟ್‌ಪಾತಿಲ್ಲ, ಬೀದಿದೀಪವಿಲ್ಲ, ನಾಯಿಗಳ ಕಾಟ, ಹೆಣ್ಣು ಒಂಟಿಯಾಗಿ ನಡೆದರೆ ಊರೆಲ್ಲ ಕಣ್ಣು. ಹೀಗಿರುವಾಗ ಚೀಟಿ ಬರೆಯುವುದೆಂದರೆ ಸರ್ಕಾರದ ಹೊಣೆಯನ್ನು ರೋಗಿಯ ತಲೆಗೆ ಕಟ್ಟಿದ ಹಾಗೆ ಎನ್ನುತ್ತಾರೆ. 2022ರ ಅಂದಾಜಿನಂತೆ ಭಾರತದಲ್ಲಿ ಸಾಕಷ್ಟು ಚಟುವಟಿಕೆಯಿಲ್ಲದ ಗಂಡಸರು ಶೇ 42, ಹೆಂಗಸರು ಶೇ 57. ಈ ಅಂತರಕ್ಕೆ ಹೆಂಗಸರ ಸೋಮಾರಿತನ ಕಾರಣವೆನ್ನುವವರು ಯಾವ ಮನೆಯ ಅಡುಗೆಮನೆಯನ್ನೂ ನೋಡಿದವರಲ್ಲ. ಚೀಟಿಯಿಂದ ರಸ್ತೆ ಆಗುವುದಿಲ್ಲ, ಒಪ್ಪಿದೆ. ಆದರೆ ರಸ್ತೆ ಆಗುವ ತನಕ ಈಗಾಗಲೇ ಶುಗರ್ ಬಂದಿರುವ ಐವತ್ತರ ಹೆಂಗಸಿಗೆ ಏನು ಹೇಳೋಣ? ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಇದು ನಮ್ಮ ಹೆಂಗಸರಿಗೆಂದೇ ಮಾಡಿದ ಬದಲಾವಣೆಯಂತಿದೆ. ಊಟವಾದ ಮೇಲೆ ತಾರಸಿಯಲ್ಲೋ ಅಂಗಳದಲ್ಲೋ ಐದು ನಿಮಿಷ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಸಂಜೆ ಆಶಾ ಕಾರ್ಯಕರ್ತೆಯ ಜೊತೆ ಶಾಲೆಯ ಮೈದಾನದಲ್ಲಿ ನಾಲ್ಕು ಜನ ಗುಂಪಾಗಿ ಒಂದಿಷ್ಟು ಬಿರುಸಿನ ಸುತ್ತು. ಇದನ್ನು ಬರೆಯಲು ಫುಟ್‌ಪಾತಿಗಾಗಿ ಕಾಯಬೇಕಿಲ್ಲ.

ಫುಟ್‌ಪಾತನ್ನು ಕೇಳಲೂ ಈ ಚೀಟಿಯೇ ದಾರಿ. ‘ಯಾಕೆ ಆಗಲಿಲ್ಲ?’ ಎಂಬ ಕಾಲಂ ಚೀಟಿಯಲ್ಲಿದ್ದು, ಅದರಲ್ಲಿ ‘ನಡೆಯಲು ಜಾಗವಿಲ್ಲ’, ‘ಕತ್ತಲೆ’, ‘ನಾಯಿ’ ಎಂದು ತಿಂಗಳು ತಿಂಗಳು ದಾಖಲಾದರೆ ವೈದ್ಯಾಧಿಕಾರಿ ಅದನ್ನು ಆರೋಗ್ಯ ರಕ್ಷಾ ಸಮಿತಿಯ ಮುಂದಿಡಬಹುದು, ಗ್ರಾಮ ಪಂಚಾಯಿತಿಗೆ ಪತ್ರ ಬರೆಯಬಹುದು. ಬೀದಿದೀಪಕ್ಕೆ ಊರವರು ಕೊಟ್ಟ ಅರ್ಜಿಯನ್ನು ಬದಿಗಿಟ್ಟ ಪಂಚಾಯಿತಿಗೆ ಆಸ್ಪತ್ರೆಯ ಲೆಕ್ಕದ ಕಾಗದವನ್ನು ಬದಿಗಿಡುವುದು ಸ್ವಲ್ಪ ಕಷ್ಟ.

ಈ ಕೊನೆಯ ಆಕ್ಷೇಪ ಎತ್ತುವ ಜನಾರೋಗ್ಯದ ಗೆಳೆಯರು ಇನ್ನೆರಡು ಮಾತು ಸೇರಿಸುತ್ತಾರೆ. ಶುಗರ್ ಇಳಿಯದಿದ್ದರೆ ‘ನೀನು ನಡೆಯಲಿಲ್ಲ’ ಎಂದು ರೋಗಿಯನ್ನು ಬೈಯಲು ಇದೊಂದು ಹೊಸ ಅಸ್ತ್ರವಾಗುತ್ತದೆ ಎಂಬುದು ಒಂದು. ಬೈಗುಳ ಈಗಲೂ ಇದೆ, ಚೀಟಿಯಿಲ್ಲದೆಯೇ ಇದೆ. ಒಗ್ಗದ ಮಾತ್ರೆಯನ್ನು ಬದಲಿಸುವ ಹಾಗೆ ಆಗದ ವ್ಯಾಯಾಮವನ್ನೂ ಬದಲಿಸಬೇಕು ಎಂಬ ನಿಯಮ ಚೀಟಿಯ ಜೊತೆಗೇ ಬರಬೇಕು. ಇನ್ನೊಂದು, ನಾಳೆ ಸರ್ಕಾರ ‘ನಡೆಯಿರಿ, ಮಾತ್ರೆ ಸ್ಟಾಕ್ ಇಲ್ಲ’ ಎಂದುಬಿಟ್ಟರೆ ಎಂಬ ಆತಂಕ. ಬಂದ ಮಾತ್ರೆ ತಿಂಗಳ ಮಧ್ಯದಲ್ಲೇ ಖಾಲಿಯಾಗುವ ಕೇಂದ್ರಗಳನ್ನು ಕಂಡವರಿಗೆ ಈ ಆತಂಕ ಸಹಜ. ಮೆಟ್‌ಫಾರ್ಮಿನ್ ಬೇಕಾದವರಿಗೆ ಮೆಟ್‌ಫಾರ್ಮಿನ್ ಕೊಡಲೇಬೇಕು. ಈ ಚೀಟಿಯನ್ನು ತೋರಿಸಿ ಔಷಧದ ಹಣ ಕಡಿತ ಮಾಡುವ ಸುತ್ತೋಲೆ ಬಂದ ದಿನ ವಿರೋಧಿಗಳ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.