ನೋವಿನ ಗುಳಿಗೆ, ಮರುದಿನದ ಮಂಪರು

ಕೃಷ್ಣಾ ತೀರದ ಜುಗೂಳದಿಂದ ಓದುಗ ಸಹೋದರಿಯೊಬ್ಬರು ಬರೆದಿದ್ದಾರೆ: "ಕಬ್ಬಿನ ಗದ್ದೆಯಲ್ಲಿ ಜಾರಿ ಬಿದ್ದು ಅತ್ತೆಯ ಕೈ ಮುರಿದಿದೆ. ಡಾಕ್ಟರರು ಟ್ರಮಡಾಲ್ ಗುಳಿಗೆ ಕೊಟ್ಟಿದ್ದಾರೆ. ಬೆಳಿಗ್ಗೆ ತಲೆಭಾರ, ವಾಕರಿಕೆ, ಫಜ್ರ್‌ಗೆ ಏಳಲಾಗುತ್ತಿಲ್ಲ. ಅಮಲಿನ ಗುಳಿಗೆ ಎಂದು ಯಾರೋ ಹೇಳಿದ ಮೇಲೆ ಅದನ್ನು ಮುಟ್ಟುತ್ತಿಲ್ಲ, ನೋವಿನಿಂದ ನರಳುತ್ತಾರೆ. ಈಗ ಉಳಿದ ಗುಳಿಗೆಗಳನ್ನು ಮೈದುನ ನುಂಗುತ್ತಿದ್ದಾನೆಂದು ಅನುಮಾನ."

ಸಹೋದರಿ, ಟ್ರಮಡಾಲ್ ಅಫೀಮಿನಂತೆ ಕೆಲಸ ಮಾಡುವ ಔಷಧಗಳ ಗುಂಪಿಗೆ ಸೇರಿದೆ. ಮಾರ್ಫಿನ್, ಕೊಡೀನ್ ಕೂಡ ಅದೇ ಬಳಗ. ಇವು ಮೆದುಳಿನಲ್ಲಿ ನೋವಿನ ಸುದ್ದಿಯನ್ನು ತಡೆಯುತ್ತವೆ. ಜೊತೆಗೆ ವಾಂತಿಯ ಕೇಂದ್ರವನ್ನು ಕೆರಳಿಸುತ್ತವೆ, ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತವೆ, ಬಾಯಿ ಒಣಗಿಸುತ್ತವೆ. ಇವುಗಳಿಂದ ಮಂಪರು ಬಂದರೂ ಗಾಢ ನಿದ್ರೆ ಕಡಿಮೆಯಾಗುತ್ತದೆ. ಉಸಿರಾಟ ನಿಧಾನವಾದರೆ ರಕ್ತದಲ್ಲಿ ಇಂಗಾಲಾಮ್ಲ ಹೆಚ್ಚಿ, ಮೆದುಳಿನ ರಕ್ತನಾಳಗಳು ಹಿಗ್ಗಿ, ಬೆಳಿಗ್ಗೆ ತಲೆನೋವು ಬರಬಹುದು. ಊಟ, ನೀರು ಸೇರದಿದ್ದರೆ ಸುಸ್ತು ಇನ್ನೂ ಹೆಚ್ಚು.

ಟ್ರಮಡಾಲಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 6 ಗಂಟೆ ಬೇಕು. ರಾತ್ರಿ 10ಕ್ಕೆ ನುಂಗಿದರೆ ಫಜ್ರ್ ಹೊತ್ತಿಗೆ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ವಯಸ್ಸಾದವರಲ್ಲಿ, ಮೂತ್ರಪಿಂಡ ಅಥವಾ ಯಕೃತ್ತು ದುರ್ಬಲವಾದವರಲ್ಲಿ ಇನ್ನೂ ನಿಧಾನ. ಆದುದರಿಂದ ಅತ್ತೆಯದು ಸೋಮಾರಿತನವೂ ಅಲ್ಲ, ಪಾಪವೂ ಅಲ್ಲ. ಅಮಲು ನಿಷಿದ್ಧ ನಿಜ. ಆದರೆ ಅವರು ಅಮಲಿಗಾಗಿ ನುಂಗಿದ್ದಲ್ಲ. ಡಾಕ್ಟರರಿಗೆ ತಿಳಿಸಿ, ಪ್ರಮಾಣ ತಗ್ಗಿಸಬಹುದು, ಬೇರೆ ಔಷಧ ಕೊಡಬಹುದು. ಬೆಳಿಗ್ಗೆ ಎದ್ದು ವುಝೂಗೆ ಹೋಗುವಾಗ ಅವರ ಕೈ ಹಿಡಿಯಿರಿ, ಇನ್ನೊಮ್ಮೆ ಬೀಳಬಾರದು. ನಿದ್ರೆ ಗುಳಿಗೆಯನ್ನು ನೀವಾಗಿ ಜೊತೆಗೆ ಕೊಡಬೇಡಿ. ಹಾಲೂಡಿಸುವ ತಾಯಂದಿರೂ 12 ವರ್ಷದೊಳಗಿನ ಮಕ್ಕಳೂ ಟ್ರಮಡಾಲ್, ಕೊಡೀನ್ ಸೇವಿಸಬಾರದು.

ಮೈದುನನ ವಿಷಯ ಬೇರೆ. ನಿತ್ಯ ನುಂಗುವವನಿಗೆ ಬೆಳಗಿನ ಸಂಕಟಕ್ಕೆ ಮತ್ತೊಂದು ಕಾರಣವಿದೆ: ಔಷಧ ಇಳಿಯುತ್ತಿದ್ದಂತೆ ಒಗ್ಗಿಹೋದ ದೇಹ ಅದನ್ನೇ ಬೇಡುತ್ತದೆ. ಆಕಳಿಕೆ, ಮೂಗು ಸೋರುವುದು, ಮೈಕೈ ನೋವು, ಚಡಪಡಿಕೆ ಅದರ ಗುರುತುಗಳು. ಇನ್ನೊಂದು ಗುಳಿಗೆ ನುಂಗಿದರೆ ಎಲ್ಲವೂ ಶಮನವಾಗುತ್ತದೆ; ಬಲೆ ಬಿಗಿಯಾಗುವುದು ಅಲ್ಲಿಯೇ. ಪ್ರಮಾಣ ಮೀರಿದರೆ ಟ್ರಮಡಾಲ್‌ನಿಂದ ಫಿಟ್ಸ್ ಕೂಡ ಬರಬಹುದು. ಈ ಕಾರಣಗಳಿಂದಲೇ ಸರಕಾರ 2018ರಲ್ಲಿ ಅದನ್ನು ಮಾದಕ ವಸ್ತುಗಳ ಕಾನೂನಿನಡಿ ತಂದಿತು.

ಗುಳಿಗೆಗಳನ್ನು ಎಣಿಸಿ ಬೀಗ ಹಾಕಿಡಿ. ಹುಡುಗನನ್ನು ನಾಲ್ಕು ಜನರೆದುರು ಅವಮಾನಿಸದೆ ಒಂಟಿಯಾಗಿ ಕೂರಿಸಿ ಮಾತಾಡಿ. ಬಹಳ ದಿನ ನುಂಗಿದ್ದರೆ ದಿಢೀರನೆ ನಿಲ್ಲಿಸುವುದು ಕಷ್ಟ. ಡಾಕ್ಟರರ ಸಲಹೆಯಂತೆ ಹಂತಹಂತವಾಗಿ ಬಿಡಿಸಬೇಕು. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಉಚಿತ.

ಯಾರೇ ಆಗಲಿ, ಕರೆದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ಅದು ಮಂಪರಲ್ಲ. ಮಲಗಲಿ ಎಂದು ಬಿಡಬೇಡಿ. ಮಗ್ಗುಲಾಗಿ ಮಲಗಿಸಿ, ತಕ್ಷಣ 108ಕ್ಕೆ ಕರೆ ಮಾಡಿ. ಅಲ್ಲಾಹನು ಅತ್ತೆಗೆ ಶಿಫಾ ನೀಡಲಿ, ಹುಡುಗನಿಗೆ ದಾರಿ ತೋರಲಿ.