ದೂರದಿಂದ ಪ್ರಿಂಟರುಗಳ ಕಾವಲು

ಸೇಡಮ್, ಚಿತ್ತಾಪುರ, ಚಿಂಚೋಳಿ ಕಡೆಯ ರೈತನು ಒಂದು ದಿನದ ದುಡಿಮೆಯನ್ನು ಬಿಟ್ಟು ಪಹಣಿಗಾಗಿ ತಾಲೂಕಿನ ಊರಿಗೆ ಬಂದಿರುತ್ತಾನೆ. "ಪ್ರಿಂಟರು ನಿಂತಿದೆ, ನಾಳೆ ಬಾ" ಎಂಬ ಮಾತು ಕೇಳಿದರೆ ಅವನ ಆ ದಿನವೂ ಬಸ್ಸಿನ ಹಣವೂ ವ್ಯರ್ಥವೇ ಸರಿ. ೨೦೦೦ದ ಸುಮಾರಿಗೆ ನಮ್ಮ ರಾಜ್ಯದಲ್ಲಿ ಬಂದ 'ಭೂಮಿ' ಯೋಜನೆಯಿಂದ ಕೈಬರಹದ ಪಹಣಿಯ ಕಾಲವು ಮುಗಿಯಿತು. ಆದುದರಿಂದ ಕಚೇರಿಯ ಪ್ರಿಂಟರಿನ ಕ್ಷೇಮವು ಈಗ ಮನೆಮನೆಯ ವಿಚಾರವೂ ಆಗಿರುವದು.

ಜಾಲಕ್ಕೆ ಜೋಡಿಸಿದ ಪ್ರಿಂಟರು ತನ್ನ ಸ್ಥಿತಿಯನ್ನು ತಾನೇ ಹೇಳಬಲ್ಲದು: ಟೋನರ್ ಎಂಬ ಮಸಿಪುಡಿ ಎಷ್ಟು ಉಳಿದಿದೆ, ಕಾಗದವು ಉಂಟೋ ಇಲ್ಲವೋ, ಎಲ್ಲಿ ಸಿಕ್ಕಿಕೊಂಡಿದೆ, ಈವರೆಗೆ ಎಷ್ಟು ಪುಟಗಳು ಅಚ್ಚಾಗಿವೆ. ಈ ಪ್ರಶ್ನೋತ್ತರದ ಪದ್ಧತಿಗೆ ಎಸ್‌.ಎನ್‌.ಎಮ್‌.ಪಿ. ಎಂದು ಹೆಸರು. ಬೇರೆ ಬೇರೆ ಕಂಪನಿಗಳ ಪ್ರಿಂಟರುಗಳು ಒಂದೇ ರೀತಿಯಾಗಿ ಉತ್ತರಿಸುವಂತೆ ೧೯೯೫ರಲ್ಲಿ ಸಾಮಾನ್ಯ ನಿಯಮಗಳು ಪ್ರಕಟವಾದವು. ಹೀಗಿರುವದರಿಂದ ಕಲಬುರಗಿಯಲ್ಲಿ ಕುಳಿತ ಒಬ್ಬನು ಶಹಾಬಾದ, ವಾಡಿಗಳ ಯಂತ್ರಗಳನ್ನೂ ಒಂದೇ ಪರದೆಯ ಮೇಲೆ ನೋಡಬಹುದು. ಡಬ್ಬಿಯ ತಳ ಕಾಣುವ ಮೊದಲೇ ಎಣ್ಣೆ ತರಿಸುವ ಮನೆಯವರ ಜಾಣತನವೇ ಇಲ್ಲಿಯೂ ಬೇಕಾದುದು.

ಆದರೆ ಸಿಕ್ಕ ಕಾಗದವನ್ನು ದೂರದಿಂದ ಬಿಡಿಸಲಾಗದು. ಮಸಿಪುಡಿಯೂ ತಂತಿಯಲ್ಲಿ ಬಾರದು. ಚಿಂಚೋಳಿಯ ಕಪಾಟಿನಲ್ಲಿ ಒಂದು ಟೋನರ್ ಡಬ್ಬಿಯೂ, ಅದನ್ನು ಹಾಕಬಲ್ಲ ಒಬ್ಬ ಮನುಷ್ಯನೂ ಇರಲೇಬೇಕು. ಅದಲ್ಲದೆ, ಯಂತ್ರವು ಉತ್ತರ ಕೊಡದಿದ್ದರೆ ಆ ಮೌನವನ್ನೂ ಒಂದು ಸುದ್ದಿಯೆಂದೇ ಎಣಿಸತಕ್ಕದ್ದು. ೨೦೧೬ರ ಫೆಬ್ರವರಿಯಲ್ಲಿ ಢಾಕಾದ ಬಾಂಗ್ಲಾದೇಶ ಬ್ಯಾಂಕಿನಲ್ಲಿ ಹಣ ರವಾನೆಯ ಸಂದೇಶಗಳನ್ನು ಅಚ್ಚು ಮಾಡುವ ಪ್ರಿಂಟರು ಸುಮ್ಮನಾಯಿತು. ನೌಕರರು ಅದನ್ನು ಎಂದಿನ ಕೆಡುಕೆಂದೇ ಭಾವಿಸಿದರು. ಅಷ್ಟರಲ್ಲಿ ಕಳ್ಳರು ಸುಳ್ಳು ಸಂದೇಶಗಳಿಂದ ೮.೧ ಕೋಟಿ ಡಾಲರುಗಳನ್ನು ಸಾಗಿಸಿಬಿಟ್ಟಿದ್ದರು.

ಇನ್ನೊಂದು ಅಪಾಯವುಂಟು. ನಮಗೆ ತೆರೆದ ಬಾಗಿಲು ಪರರಿಗೂ ತೆರೆದಿರಬಹುದು. ೨೦೧೮ರ ನವೆಂಬರದಲ್ಲಿ ಒಬ್ಬ ಅಪರಿಚಿತನು ಲೋಕದ ನಾನಾ ಕಡೆಗಳಲ್ಲಿ ಕಾವಲಿಲ್ಲದೆ ಇಂಟರ್‌ನೆಟ್ಟಿಗೆ ತೆರೆದಿದ್ದ ಸುಮಾರು ೫೦,೦೦೦ ಪ್ರಿಂಟರುಗಳಿಂದ ತನಗೆ ಬೇಕಾದ ಚೀಟಿಯನ್ನು ಅಚ್ಚು ಮಾಡಿಸಿದನು. ಅಲ್ಲದೆ ಪ್ರತಿ ತೆಗೆಯುವ, ಸ್ಕ್ಯಾನ್ ಮಾಡುವ ದೊಡ್ಡ ಯಂತ್ರಗಳಲ್ಲಿ ಹಲವಕ್ಕೆ ಒಳಗೆ ಡಿಸ್ಕ್ ಇರುತ್ತದೆ. ನಮ್ಮ ಆಧಾರ್ ಕಾರ್ಡಿನ, ಪಹಣಿಯ ನೆರಳು ಅದರಲ್ಲಿ ಉಳಿದೀತು.

ನಮ್ಮ ವಾಚಕರಲ್ಲಿ ಝೆರಾಕ್ಸ್ ಅಂಗಡಿಯಿಟ್ಟವರೂ, ಕಚೇರಿಯ ಹೊಣೆ ಹೊತ್ತವರೂ ಇರುವರು. ಅವರಲ್ಲಿ ನಮ್ಮ ಬಿನ್ನಹವಿಷ್ಟೇ: ಕಂಪನಿಯು ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿರಿ, ಪ್ರಿಂಟರನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡಬೇಡಿರಿ, ಯಂತ್ರವನ್ನು ಮಾರುವಾಗ ಡಿಸ್ಕನ್ನು ಅಳಿಸಿರಿ, ಮಸಿ ತೀರುವ ಸೂಚನೆ ಯಾರಿಗೆ ತಲುಪಬೇಕೆಂಬುದನ್ನು ಮೊದಲೇ ಗೊತ್ತುಮಾಡಿರಿ. ಇಷ್ಟನ್ನು ಪಾಲಿಸಿದರೆ, ಬಿಸಿಲಲ್ಲಿ ಬಂದು ನಿಂತ ರೈತನಿಗೆ "ನಾಳೆ ಬಾ" ಎನ್ನುವ ಪ್ರಸಂಗವು ಕಡಿಮೆಯಾಗುವದು.